ಅಸ್ತರು

ಶೇವಂತಿ ತಾಂಡೇಲಳ ಅಳತೆ
ನನ್ನ ಪಟ್ಟಿಯ ಹದಿನೇಳನೇ ಹಾಳೆಯಲ್ಲಿದೆ:
ಎದೆ ಮೂವತ್ತೆಂಟು, ತೋಳು ಹನ್ನೆರಡು,
ಹಿಂದೆ ಕುತ್ತಿಗೆ ಆಳ, ಲಾಡಿ ಬೇಕು, ಗೊಂಡೆಯೂ.

ಬೈತಕೋಲದ ಮೀನು ಮಾರಿ, ಬುಟ್ಟಿ ಖಾಲಿ ಮಾಡಿ
ಬಂದವಳು ಅಂದಳು:
"ಬಾಯೀ, ಈ ಸಲ ಹಿಂದೆ ಮುಚ್ಚಿ ಹೊಲಿ."
ಯಾಕೆ ಅಂದೆ. ತುರುಬು ಎತ್ತಿದಳು.

ಕುತ್ತಿಗೆ ಸುತ್ತ ಕಪ್ಪು.
ಕೊಳೆಯಲ್ಲ, ಕೊಳೆಗೆ ಇಷ್ಟು ನವಿರು ಇರುವುದಿಲ್ಲ.
ತೆಂಗಿನ ನಾರು ಹಾಕಿ ತಿಕ್ಕಿದಳಂತೆ, ಕಡಲೆಹಿಟ್ಟು, ಲಿಂಬೆ.
ಸರದ ಮಸಿ ಅಂದನಂತೆ ಗಂಡ.
ಟೇಪು ಹಿಡಿದ ಬೆರಳಿಗೆ ತಾಗಿತು
ಮಖಮಲ್ಲು.
ಮೀಟರಿಗೆ ಎಂಟುನೂರರದ್ದು,
ಯಾವ ಅಂಗಡಿಯಿಂದ ತಂದಳು ಇವಳು?
ಕಂಕುಳಲ್ಲೂ ಅದೇ ಥಾನು.

ಅಂಗೈ ಚಾಚಿದಳು. ಗೆರೆಗೆರೆ ಉಬ್ಬಿ
ಇಳಿತದಲ್ಲಿ ನೀರು ಬಿಟ್ಟುಹೋದ ರೇವೆಯ ಹಾಗೆ.
"ರೇಶನ್ ಅಂಗಡಿಯ ಮಿಶನ್ನು ಹೆಬ್ಬೆಟ್ಟು ಒಪ್ಪುವುದಿಲ್ಲ,
ನಾನು ನಾನಲ್ಲವಂತೆ!"
ನಕ್ಕಳು. ನಾನೂ ನಕ್ಕೆ.

ಎದೆ ಅಳೆದೆ: ಮೂವತ್ತೈದು.
ಮತ್ತೊಮ್ಮೆ ಅಳೆದೆ.
ಎರಡು ತುತ್ತಿಗೇ ಸಾಕೆನಿಸುತ್ತದೆ,
ಉಂಡದ್ದು ಮೇಲೇ ನಿಲ್ಲುತ್ತದೆ ಅಂದಳು.
ಬರೆದುಕೊಂಡೆ. ಅಳತೆ ಮಾತ್ರ.

ಇಪ್ಪತ್ತಾರು ವರ್ಷದ ಕಸುಬು ನನ್ನದು.
ಹೊರಬಟ್ಟೆ ಸುಮ್ಮನೆ ಮುದುಡಿದರೆ
ಇಸ್ತ್ರಿ ಹಿಡಿಯಬೇಡ,
ಒಳಗೆ ಅಸ್ತರು ಎಲ್ಲೋ ಎಳೆದಿರುತ್ತದೆ, ಬಿಚ್ಚಿ ನೋಡು ಅಂತ
ಕಲಿಯಲು ಬಂದ ಹುಡುಗಿಯರಿಗೆ ದಿನಾ ಹೇಳುವವಳು
ಕುತ್ತಿಗೆವರೆಗೆ ಎತ್ತರಿಸಿ
ಎರಡು ಹುಕ್ಕು ಹೆಚ್ಚಿಟ್ಟು
ಚಂದ ಮುಚ್ಚಿ ಹೊಲಿದೆ.
ನೂರಾ ಎಂಬತ್ತು ತಗೊಂಡೆ.

ಬಿಚ್ಚಿ ನೋಡಿದವನು ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರು,
ಮೀಸೆ ಸರಿಯಾಗಿ ಬಾರದ ಹುಡುಗ.
ಮುಲಾಮು ಕೇಳಲು ಹೋದವಳ
ಕುತ್ತಿಗೆ ನೋಡಿ, ಅಂಗೈ ನೋಡಿ,
"ಊಟ ಹೇಗೆ ಹೋಗುತ್ತದೆ ಅಮ್ಮಾ?" ಅಂದನಂತೆ.
ನಾಲ್ಕನೇ ದಿನ ಹೊಟ್ಟೆಗೆ ನಳಿಗೆ ಇಳಿಸಿದರು.
ಆಮೇಲೆ ಗೋವಾ, ಬಾಂಬೋಳಿ, ಬಸ್ಸು, ಫೈಲು,
ಪೊಳೆಂ ಗೇಟಿನಲ್ಲಿ ವಾಂತಿ.

ಬೇಗ ಸಿಕ್ಕಿತು ಅನ್ನುತ್ತಾರೆ ಎಲ್ಲರೂ.
ಬೇಗ ಅಂದರೆ ಎಷ್ಟು,
ಯಾರೂ ಇಂಚಿನಲ್ಲಿ ಹೇಳುವುದಿಲ್ಲ.
ನಾನು ಎಣಿಸುತ್ತೇನೆ: ನನ್ನ ಅಂಗಡಿಯಿಂದ ಆ ಹುಡುಗನ ಮೇಜಿಗೆ
ಏಳು ವಾರ.

ಮೊನ್ನೆ ಬಂದಳು ಅದೇ ರವಿಕೆ ಹಿಡಿದು.
ಕುತ್ತಿಗೆ ತುಸು ತಿಳಿಯಾಗಿದೆ,
ಸಂಜೆ ಕೋಡಿಬಾಗದಲ್ಲಿ ಕಾಳಿಯ ನೀರಿಗಿರುವ ಬಣ್ಣ.
ಬದಿಗೆ ಎರಡೆರಡು ಇಂಚು ಒಳಗೆ ಹಿಡಿದೆ.
ಮಿಕ್ಕ ಬಟ್ಟೆ ಕತ್ತರಿಸಲಿಲ್ಲ.
"ಹಿಂದೆ ಬಿಚ್ಚಿಬಿಡು, ಮೊದಲಿನಷ್ಟೇ ಆಳ" ಅಂದಳು.

ಗೊಂಡೆ?

"ಎರಡೂ ಹಾಕು. ಕೆಂಪು."