ಒಂದೂಮುಕ್ಕಾಲು ಗಂಟೆ

ಖೋರ್ ಖುವೈರಿನ ಕಲ್ಲುಗಣಿ. ರಾಸ್ ಅಲ್ ಖೈಮಾ ದಾಟಿ ಇನ್ನೂ ಉತ್ತರಕ್ಕೆ.
ಲಾರಿ ತೂಗುವ ಕಟ್ಟೆಯ ಪಕ್ಕ ಒಂದು ತಗಡಿನ ಕ್ಯಾಬಿನ್ನು,
ಒಳಗೆ ಕೆಮ್ಮುವ ಏಸಿ,
ಕೀಲಿಗಳ ಸಂದಿಯಲ್ಲಿ ಸುಣ್ಣಕಲ್ಲಿನ ಹಿಟ್ಟು ಕೂತ ಕಂಪ್ಯೂಟರು.

ಕಂಪನಿ ಕೈ ಬದಲಾಗಿದೆ. ಗುರುವಾರದೊಳಗೆ
ಎಲ್ಲ ಯಂತ್ರಗಳೂ ಹೊಸ ಧಣಿಯ ಡೊಮೈನಿಗೆ ಸೇರಬೇಕು.
ನಲವತ್ತಮೂರು ಸೇರಿದವು.
ಇದೊಂದು ಒಲ್ಲೆ ಅನ್ನುತ್ತಿದೆ.

ಡೊಮೈನ್ ಸಿಗುತ್ತಿಲ್ಲ ಎಂಬುದು ಮೊದಲ ತಕರಾರು.
ನೋಡಿದರೆ ಡಿಎನ್‌ಎಸ್ ಜಾಗದಲ್ಲಿ ಯಾರೋ ಹೊರಗಿನ ನಂಬರು ಬರೆದಿದ್ದಾರೆ;
ಒಳಮನೆಯವರ ಹೆಸರನ್ನು
ಹೆದ್ದಾರಿಯಲ್ಲಿ ಹೋಗುವವನ ಹತ್ತಿರ ಕೇಳಿದ ಹಾಗೆ.
ತಿದ್ದಿದೆ. ನಾಲ್ಕು ಸಲ ಕೂಗಿದರೆ ನಾಲ್ಕು ಸಲವೂ
ಓಗೊಟ್ಟಿತು ಅಬುಧಾಬಿಯ ಸರ್ವರು.
ಓಗೊಟ್ಟಿತೇ ಹೊರತು ಬಾಗಿಲು ತೆರೆಯಲಿಲ್ಲ.

ಕೇಬಲ್ ಬದಲಿಸಿದೆ. ಇದೇ ಹೆಸರಿನ ಹಳೆಯ ಖಾತೆಯೊಂದು
ಅಲ್ಲಿ ಸತ್ತು ಬಿದ್ದಿತ್ತು, ಅಳಿಸಿದೆ.
ಫೈರ್‌ವಾಲಿಗೆ ಒಂದು ಗಳಿಗೆ ಕಣ್ಣು ಮುಚ್ಚಿಕೋ ಎಂದೆ.
ಪಾಸ್‌ವರ್ಡ್ ಮೂರು ಸಲ ಹೊಡೆದೆ,
ಮೂರನೆಯ ಸಲ ಬ್ಯಾರಿಯಲ್ಲಿ ಒಂದು ಮಾತನ್ನೂ ಸೇರಿಸಿ.

ಆಮೇಲೆ ಪರದೆಯ ಬಲಮೂಲೆ ಕಣ್ಣಿಗೆ ಬಿತ್ತು.
ನನ್ನ ಕೈಯಲ್ಲಿ ರಾತ್ರಿ ಹತ್ತೂ ಇಪ್ಪತ್ತು.
ಅಲ್ಲಿ ಹನ್ನೆರಡೂ ಐದು. ಅಂದರೆ
ಅದರ ಪಾಲಿಗೆ ಆಗಲೇ ನಾಳೆ.

ಕ್ಷಮೆಗೂ ಒಂದು ಅಳತೆಯಿದೆ. ಈ ಸರ್ವರಿಗೆ ಅದು ಐದು ನಿಮಿಷ.
ಅಷ್ಟು ಹಿಂದುಮುಂದಾದರೆ ನಡೆಯುತ್ತದೆ,
ಮೀರಿದರೆ ನೀನು ಯಾರ ಮಗನಾದರೂ ಹೊಸಿಲಾಚೆ.

ಬ್ಯಾಟರಿ ಸತ್ತಿದೆ ಅಂದುಕೊಂಡೆ.
ಆದರೆ ಸತ್ತ ಬ್ಯಾಟರಿ ಹತ್ತು ವರ್ಷ ಹಿಂದಕ್ಕೆ ಬೀಳುತ್ತದೆ,
ಇಷ್ಟು ಲೆಕ್ಕವಾಗಿ ಸುಳ್ಳು ಹೇಳುವುದಿಲ್ಲ.
ಒಂದು ಗಂಟೆ ಮುಂದಿದ್ದರೆ ಪೇಶಾವರದವನ ಕೈವಾಡ,
ಎರಡಾದರೆ ಸಿಲ್ಹೆಟ್ಟಿನವನದು,
ಒಂದೂವರೆಯಾಗಿದ್ದರೆ ನಮ್ಮವನೇ ಎಂದು ಬೈದು ಮುಗಿಸುತ್ತಿದ್ದೆ.
ಒಂದೂಮುಕ್ಕಾಲು?
ನಮ್ಮ ಕ್ಯಾಂಪಿನಲ್ಲಿ ಆ ಕಾಲುಗಂಟೆಯನ್ನು ಬೇರೆ ಇಟ್ಟುಕೊಂಡವರು
ನೇಪಾಳದವರು ಮಾತ್ರ.

ರಾತ್ರಿ ಪಾಳಿಯ ಲೋಕೇಂದ್ರ ಘರ್ತಿ
ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.
"ಮದ್ದು ಸಿಡಿಸುವ ಜಾಗ, ಝುಬೈರ್ ಭಾಯಿ,
ಫೋನು ಗೇಟಿನಲ್ಲೇ ಕಸಿದುಕೊಳ್ಳುತ್ತಾರೆ.
ಮಗಳ ಶಾಲೆ ಹೊಳೆಯಾಚೆ. ಬೆಳಿಗ್ಗೆ ಆರಕ್ಕೆ ತೂಗುಸೇತುವೆ ದಾಟುತ್ತಾಳೆ.
ಅವಳು ದಾಟುವಾಗ ನಾನು ಎದ್ದಿರಬೇಕು, ಅಷ್ಟೆ."

ಒಂದೂಮುಕ್ಕಾಲು ಕೂಡಿಸಿಕೊಂಡರೆ ಆಯ್ತಲ್ಲ ಮಾರಾಯ, ಎಂದೆ.
"ರಾತ್ರಿಯಿಡೀ ಟನ್ನು ಕೂಡಿಸುತ್ತೇನೆ.
ಇದೊಂದು ಕೂಡಿಸದೆ ಕಾಣಲಿ ಅಂತ."

ಹದಿನಾರು ದಿನ, ಅವನು ಕೊಟ್ಟ ಚೀಟಿಗಳ ಪ್ರಕಾರ,
ಗಣಿ ಬಿಡುವ ಮೊದಲೇ ಲಾರಿಗಳು ಬಂದರು ಮುಟ್ಟಿವೆ.
ಲೆಕ್ಕದವರು ತೂಕ ನೋಡಿದರು. ಗಂಟೆಯನ್ನು ಯಾರು ನೋಡುತ್ತಾರೆ?
ನಾನು ನಕ್ಕೆ. ಅವನು ನಗಲಿಲ್ಲ;
ಸಂಬಳದಿಂದ ಎಷ್ಟು ದಿನ ಕಡಿತವೆಂದು ಎಣಿಸುತ್ತಿದ್ದ.

ವರದಿಯಲ್ಲಿ ಬರೆದೆ: ಬ್ಯಾಟರಿ ದೋಷ, ಬದಲಿಸಲಾಗಿದೆ.
ಪೂರ್ತಿ ಸುಳ್ಳಾಗದಿರಲೆಂದು ಡಬ್ಬಿ ಬಿಚ್ಚಿ ನಿಜಕ್ಕೂ ಬದಲಿಸಿದೆ.
ಗಡಿಯಾರ ತಿದ್ದಿದೆ.
ಸರ್ವರು ಈ ಸಲ ಮರುಮಾತಿಲ್ಲದೆ ಸ್ವಾಗತ ಎಂದಿತು,
ಮೊದಲಿನಿಂದಲೂ ನೆಂಟನಾಗಿದ್ದವನಿಗೆ ಅನ್ನುವ ಹಾಗೆ.

ಅದೇ ಮೂಲೆಯನ್ನು ಮುಟ್ಟಿದರೆ ಇನ್ನೊಂದು ಗಡಿಯಾರ ಏಳುವಂತೆ ಮಾಡಿ
ಕಾಠ್ಮಂಡು ಎಂದು ಆರಿಸಿದೆ.
ಹೆಸರು ಕೊಡಿ ಎಂದು ಕೇಳಿತು. ಲೋಕೇಂದ್ರ ಒಂದೇ ಬೆರಳಲ್ಲಿ
ಸೇತುವೆ ಎಂದು ಅವನ ಭಾಷೆಯಲ್ಲಿ ಹೊಡೆದ.
ಹೊರಗೆ ಒಂದು ಲಾರಿ ಕಟ್ಟೆ ಹತ್ತಿತು, ಕ್ಯಾಬಿನ್ನು ನಡುಗಿತು.
ಅವನು ತೂಗಲು ಓಡಿದ.

ವಾಪಸಾಗುವಾಗ ರಮ್ಸಿನಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದೆ.
ಕತ್ತಲಲ್ಲಿ ದಿರ್ಹಮೆಂದು ಕೊಟ್ಟ ಬಿಲ್ಲೆಯನ್ನು
ಅಂಗಡಿಯವನು ತಿರುಗಿಸಿ ನೋಡಿ ನನ್ನ ಅಂಗೈಗೇ ಇಟ್ಟ:
ಹಳೆಯ ಬ್ಯಾಟರಿ. ಏನೂ ಕೆಟ್ಟಿರಲಿಲ್ಲ ಅದಕ್ಕೆ.