ಅಂಟು

ಲೇಡನ್ ಊರಿನ ಕಾಲುವೆ ಬದಿ, ಮೂರು ಮೆಟ್ಟಿಲು ಕೆಳಗೆ
ಯೋಸಿನಾಳ ಪುಸ್ತಕ ಹೊಲಿಯುವ ಮಳಿಗೆ.
ಕಿಟಕಿಯಲ್ಲಿ ಕಾಣುವುದು ಹೋಗುವವರ ಬೂಟು, ಸೈಕಲ್ಲಿನ ಚಕ್ರ,
ಒಮ್ಮೊಮ್ಮೆ ಬಾತುಕೋಳಿ.

ಶೂರ್ಡ್ ಎಂಬ ಹುಡುಗ ಬಂದ, ಚಳಿಗೆ ಕಿವಿ ಕೆಂಪಗೆ,
ತೀರಿಹೋದ ಮೇಷ್ಟರ ಕಪಾಟು ಖಾಲಿ ಮಾಡಿ
ಬಾಳೆಹಣ್ಣಿನ ಎರಡು ರಟ್ಟಿನ ಪೆಟ್ಟಿಗೆ ಹೊತ್ತು.
"ಜೋಪಾನ, ಎರಡೂವರೆ ಸಾವಿರ ವರ್ಷ ಇದೆ ಇದರಲ್ಲಿ."
"ಭಾರ ಅಷ್ಟೇನಿಲ್ಲ" ಅಂದಳು.

ಅವಳಿಗೆ ಗ್ರೀಕು ಬಾರದು. ಲ್ಯಾಟಿನ್ನೋ,
ಬೆನ್ನಿಗೆ ಚಿನ್ನದಕ್ಷರ ಒತ್ತುವಷ್ಟು.
ಕಾಗದ ಬರುತ್ತದೆ.

ಹುಡುಗ ಮಾತಾಡಿದ, ಅವಳು ಹಳೆಯ ಹೊಲಿಗೆ ಬಿಚ್ಚಿದಳು.
ಮೊದಲು, ಅಂದ, ಸಂತೆಬೀದಿಯಲ್ಲಿ ನಿಂತು ಕೇಳಿದರು:
ಹೇಗೆ ಬಾಳಿದರೆ ಬಾಳು ಚೆನ್ನ?
ದೋಣಿಗೆ ತೇಲುವುದಿದ್ದ ಹಾಗೆ ಮನುಷ್ಯನಿಗೆ ಯಾವುದು?
'ಅವರ ಲೋಟಕ್ಕೆ ನೀರು ತುಂಬಿದ ಗುಲಾಮನನ್ನು
ಯಾರೂ ಕೇಳಲಿಲ್ಲ' ಎಂದು
ಅಂಚಿನಲ್ಲಿ ಮೇಷ್ಟರ ಪೆನ್ಸಿಲು.
ರಬ್ಬರು ಎತ್ತಿದವಳು ಹಾಗೇ ಇಟ್ಟಳು.

ಆಮೇಲೆ ಕರುವಿನ ಚರ್ಮ, ಮೇಣದ ಕಲೆ,
ನಡುರಾತ್ರಿ ಎದ್ದ ಯಾವನೋ ಸನ್ಯಾಸಿಯ ಮೇಣ.
ಪ್ರಶ್ನೆ ಸಂತೆ ಬಿಟ್ಟು ಮೊಣಕಾಲೂರಿತ್ತು ಆಗಲೇ:
ಬೇಡವೆನ್ನುತ್ತಲೇ ಬೇಕೆನ್ನುವ ಇವನು ಯಾರು, ನನ್ನೊಳಗೆ?
ಮೇಲೊಂದು ಕಣ್ಣಿದೆ ಎಂದ ಕೂಡಲೇ
ಎದೆಯೊಳಗೊಂದು ಕೋಣೆ ಹುಟ್ಟಿತು,
ಒಳಗಿನಿಂದ ಅಗುಳಿ.

ಒಬ್ಬನೇ ದೇವರ ಹೆಸರಲ್ಲಿ ಎರಡು ಕಡೆಯ ಊರೂ ಉರಿದ ಮೇಲೆ
ಕಾಫಿ ಅಂಗಡಿಯಲ್ಲಿ ಮೆಲ್ಲಗೆ ಮಾತು ಶುರು:
ಪಕ್ಕದವನ ಹಲ್ಲುನೋವಿಗೆ ನನ್ನ ಮುಖ ಏಕೆ ಕಿವುಚುತ್ತದೆ?
ಒಂದು ಪುಸ್ತಕ ಹೇಳಿತು, ಎಲ್ಲರ ಸುಖ ಕೂಡಿಸು, ನೋವು ಕಳೆ.
ಅದರ ಒಳಪುಟದಲ್ಲಿ ಸಕ್ಕರೆ ವ್ಯಾಪಾರಿಯ ಮುದ್ರೆ, ಹಡಗಿನ ಚಿತ್ರ;
ಆ ಲೆಕ್ಕಕ್ಕೇ ಹುಳು ಹೆಚ್ಚು ಬಿದ್ದಿತ್ತು.
ಇತ್ತೀಚಿನದೊಂದು ಬರೀ 'ಒಳ್ಳೆಯದು' ಎಂಬ ಪದವನ್ನೇ
ಇನ್ನೂರು ಪುಟ ಸುಲಿದಿತ್ತು, ಈರುಳ್ಳಿಯ ಹಾಗೆ.

"ಇದು ಕರ್ತವ್ಯದ್ದು" ಅಂದ ಹುಡುಗ, "ಬಿಡಿ ಹಾಳೆ. ಬೆನ್ನೇ ಇಲ್ಲ."
ಕಟ್ಟಿದ ದಾರದಲ್ಲಿ ಒಂದು ಚೀಟಿ.
ಚೀಟಿಯಲ್ಲಿ ಅಮ್ಮ ಆಲ್ಟ್ಯೆಯ ಕೈಬರಹ:
ನವೆಂಬರ್ ೪೪. ಕೆಲಸ ಬಾಕಿ.

ಯೋಸಿನಾ ಕೂತಳು.

ಆ ಚಳಿಗಾಲ ಅಮ್ಮ ಕಾಯಿಸಿದ ಅಂಟು ಪುಸ್ತಕಕ್ಕೆ ಹೋಗಲಿಲ್ಲ.
ಡಬ್ಬದ ತಳದ ಹಿಟ್ಟು, ಕಾಲುವೆ ನೀರು, ಪಟಿಕದ ಒಗರು;
ಎಂಟು ವರ್ಷದ ನಾಲಿಗೆಗೆ ಅದೇ ಹಬ್ಬ.
ಟುಲಿಪ್ ಗೆಡ್ಡೆ ತೀರಿತ್ತು. ಕುರ್ಚಿಗಳು ಒಲೆ ಸೇರಿದ್ದವು.

ಎದುರುಮನೆಯ ಕ್ರೈನ್,
ಮೂಲೆಮನೆ ದರ್ಜಿಯನ್ನು, ದರ್ಜಿಯ ಹೆಂಡತಿಯನ್ನು
ಬೆರಳೆತ್ತಿ ತೋರಿಸಿಕೊಟ್ಟವನು, ಬೀದಿಗೆಲ್ಲ ಗೊತ್ತು,
ಅವನ ಮಗಳು ಬಾಗಿಲಲ್ಲಿ ನಿಂತಿದ್ದಳು ಬಟ್ಟಲು ಹಿಡಿದು.
ಅಮ್ಮ ಮೊದಲು ಬೈದಳು,
ಮಗುವಿನ ತಲೆಯ ಮೇಲಿಂದ, ಎದುರುಮನೆಗೆ ಕೇಳುವ ಹಾಗೆ.
ಆಮೇಲೆ ಅಳೆದು ಹಾಕಿದಳು ಮೂರು ಚಮಚ.
ತನ್ನ ಬಟ್ಟಲಿನದಲ್ಲ. ಯೋಸಿನಾಳದು.
ಎಷ್ಟು ವರ್ಷ ಸಿಟ್ಟಿತ್ತು ಆ ಮೂರು ಚಮಚಕ್ಕೆ!
ಅಮ್ಮನಿಗೆ ಬಟ್ಟಲೇ ಇರಲಿಲ್ಲವೆಂದು ಹೊಳೆದದ್ದು
ಅವಳನ್ನು ಮಣ್ಣು ಮಾಡಿ ಬಂದ ಸಂಜೆ,
ಪಾತ್ರೆ ತೊಳೆಯುವಾಗ.

"ಇದು ಯಾವ ಪುಸ್ತಕಕ್ಕೆ ಸೇರುತ್ತದೆ, ಹೇಳು."
ಹುಡುಗ ಬಾಯಿ ತೆರೆದ. ಕಿವಿ ಇನ್ನೂ ಕೆಂಪಾಯಿತು.
"ನೋಡುವ ಬಗೆಯ ಮೇಲೆ..."
"ಹಿಡಿ ಈ ತುದಿ" ಅಂದಳು, ದಾರ ಕೊಟ್ಟು.

ಹೊಲಿದರು, ಕತ್ತಲಾಗುವವರೆಗೆ.
ಒಲೆಯ ಮೇಲೆ ಹಿಟ್ಟು ಗೊಟಗುಟ್ಟಿತು.
ಬೆರಳದ್ದಿ ನೆಕ್ಕಿದಳು ಅಭ್ಯಾಸಬಲದಿಂದ,
ಮುಖ ಸಿಂಡರಿಸಿ, ಬ್ರಷ್ಷು ತಗೊಂಡು ಬೆನ್ನಿಗೆ ಸವರಿದಳು.
ಚೀಟಿಯನ್ನು ಎಸೆಯಲಿಲ್ಲ. ಒಳಗೇ ಸೇರಿಸಿದಳು,
'ಬಾಕಿ'ಯನ್ನು ಹೊಡೆದುಹಾಕದೆ.

"ಎಷ್ಟಾಯಿತು?"
"ಗುರುವಾರ ಬಾ. ಒಣಗಬೇಕು."