ಕೆಸುವಿನ ನೆಂಟ

ಬಿಜೈಯ ನರ್ಸರಿಯಿಂದ
ನೂರಿಪ್ಪತ್ತು ಕೊಟ್ಟು ತಂದ ಕ್ಯಾಲೇಡಿಯಂ:
ಹಸಿರೆಲೆಯ ಮೇಲೆ ಯಾರೋ
ಕುಂಕುಮದ ಕೈ ಕೊಡವಿದ ಹಾಗೆ.

ಮೂರನೇ ಮಹಡಿಯ ಅಪೊಲಿನ್ ಬಾಯಿ
ಕನ್ನಡಕ ಏರಿಸಿ, ಎಲೆ ಮಗುಚಿ,
"ಪತ್ರೊಡೆಗೆ ಆಗ್ತದಾ?" ಅಂದರು.

ಇಲ್ಲ ಬಾಯಿ, ಇದು ಬರೀ ನೋಡ್ಲಿಕ್ಕೆ.

"ನೋಡ್ಲಿಕ್ಕೆ ಚರಂಡಿ ಬದಿಯ ಕೆಸು ಏನು ಕಡಿಮೆ?
ಮಳೆಹನಿ ಅದರ ಮೇಲೆ ಪಾದರಸ."

ಒಂದೇ ಕುಲದವು ಎರಡೂ.
ಎರಡರ ರಸದಲ್ಲೂ ಕಣ್ಣಿಗೆ ಕಾಣದ ಸೂಜಿಕಟ್ಟು.
ಒಂದು ಹುಣಸೆಗೆ, ಹಬೆಗೆ ಬಗ್ಗಿ
ಬಟ್ಟಲಿಗೆ ಬಂತು;
ಇನ್ನೊಂದು ಬಗ್ಗದೆ ಕುಂಡದಲ್ಲೇ ನಿಂತಿತು.

ಆಟಿಯ ಸಂಜೆ ಬಾಯಿ ತಟ್ಟೆ ತಂದರು.
ಬೆಲ್ಲ, ಕಾಯಿತುರಿ, ಬಿಸಿ.
ಎರಡನೇ ತುತ್ತಿಗೆ
ಹುಣಸೆಯ ಕೈತಪ್ಪಿದ ಒಂದೇ ಸೂಜಿ
ಗಂಟಲಲ್ಲಿ ಎದ್ದಿತು.

"ತುರಿಸ್ತದಾ?"
"ಚೂರೂ ಇಲ್ಲ," ಅಂದೆ,
ನೀರಿನ ಚೊಂಬಿಗೆ ಕೈಚಾಚಿ.